ಫೋನ್ ಬಳಿಯುವ ಸೀಮೆಸುಣ್ಣ: ಶಾಸನದ ಫೋಟೋ ಮತ್ತು ಕ್ಯಾಮೆರಾ ಸೆಟ್ಟಿಂಗ್



ಹೊಸದಾಗಿ ಶಾಸನ ನೋಡೋಕೆ ಹೊರಟವರಿಗೆ ನಾವು ಮೊದಲು ಹೇಳಿಕೊಡುವ ಪಾಠ ಒಂದಿದೆ: ಅಕ್ಷರದೊಳಗೆ ಸೀಮೆಸುಣ್ಣ ತುಂಬಬೇಡಿ. ಕಲ್ಲಿಗೆ ಹಾನಿ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಸುಣ್ಣ ಬಳಿದ ಮೇಲೆ ಫೋಟೋದಲ್ಲಿ ಉಳಿಯೋದು ಬಳಿದವನ ಊಹೆ. ಸವೆದ ‘ಪ’ವನ್ನು ಅವನು ‘ವ’ ಅಂದುಕೊಂಡು ತುಂಬಿದ್ರೆ, ಮನೆಯಲ್ಲಿ ಕೂತು ಆ ಫೋಟೋ ಓದುವವರಿಗೆಲ್ಲ ಅದು ‘ವ’ನೇ.

ಇದನ್ನು ಒಪ್ಪುವ ನಾವೇ ಆಟೋ ಮೋಡ್‌ನಲ್ಲಿ ತೆಗೆದ ಫೋಟೋ ನೋಡಿ ‘ಎಷ್ಟು ಸ್ಪಷ್ಟವಾಗಿದೆ!’ ಅಂತ ಮೆಚ್ಚಿಕೊಳ್ತೀವಿ. ನನ್ನ ತಕರಾರು ಇರೋದು ಇಲ್ಲೇ. ಆಟೋ ಮೋಡ್ ಕೂಡ ಸುಣ್ಣ ಬಳಿಯುತ್ತೆ. ಕಲ್ಲಿಗೆ ಏನೂ ಆಗೋದಿಲ್ಲ, ಆದರೆ ಫೈಲಿನೊಳಗೆ ಬಳಿದಿರುತ್ತೆ. ಕಲ್ಲಿನ ಮೇಲಿನ ಸುಣ್ಣ ಕನಿಷ್ಠ ಕಣ್ಣಿಗೆ ಕಾಣುತ್ತೆ, ಇದು ಕಾಣೋದೇ ಇಲ್ಲ.

ನೆರಳೇ ಅಕ್ಷರ

ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ಬೇರೆ ಬಣ್ಣ ಇರೋದಿಲ್ಲ. ಕೊರೆತದೊಳಗೆ ಬೀಳುವ ನೆರಳನ್ನೇ ನಾವು ಅಕ್ಷರ ಅಂತ ಓದ್ತೀವಿ. ಸಣ್ಣ ಲೆಕ್ಕ ಮಾಡಿ ನೋಡೋಣ. ಕೊರೆತ 2 ಮಿಲಿಮೀಟರ್ ಆಳ ಇದೆ ಅಂದುಕೊಳ್ಳಿ. ಬೆಳಕು ಕಲ್ಲಿನ ಮೈಗೆ 45 ಡಿಗ್ರಿ ಕೋನದಲ್ಲಿ ಬಿದ್ದರೆ ನೆರಳಿನ ಅಗಲ 2 ಮಿಲಿಮೀಟರ್. 15 ಡಿಗ್ರಿಗೆ ಇಳಿದರೆ ಸುಮಾರು ಏಳೂವರೆ ಮಿಲಿಮೀಟರ್, ಅಂದ್ರೆ ಮಾಮೂಲಿ ಅಕ್ಷರದ ಕೊರೆತ ಪೂರ್ತಿ ಕಪ್ಪಾಗುತ್ತೆ. ಸವೆದು ಅರ್ಧ ಮಿಲಿಮೀಟರ್ ಉಳಿದಿದ್ದರೆ 15 ಡಿಗ್ರಿಯಲ್ಲೂ ನೆರಳು 2 ಮಿಲಿಮೀಟರ್ ದಾಟೋದಿಲ್ಲ. ಅದಕ್ಕೆ 5 ಡಿಗ್ರಿ ಬೆಳಕು ಬೇಕು.

‘ಬೆಳಗ್ಗೆ ಅಥವಾ ಸಂಜೆ ಫೋಟೋ ತೆಗೀರಿ’ ಅನ್ನೋ ಸಲಹೆ ಎಲ್ಲ ಕಡೆ ಓಡಾಡ್ತಾ ಇದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವಂಥ ಹಾಸುಬಂಡೆಯ ಶಾಸನಗಳಿಗೆ ಅದು ಸರಿ. ನೆಟ್ಟಗೆ ನಿಲ್ಲಿಸಿದ ಕಲ್ಲಿಗೆ ಹಾಗಲ್ಲ. ಪೂರ್ವಕ್ಕೆ ಮುಖ ಮಾಡಿದ ವೀರಗಲ್ಲಿಗೆ ಬೆಳಗಿನ ಬಿಸಿಲು ನೇರವಾಗಿ ಬಡಿಯುತ್ತೆ, ನೆರಳೇ ಇರೋದಿಲ್ಲ. ಅದನ್ನು ಓದೋಕೆ ಒಳ್ಳೆ ಹೊತ್ತು 11ರಿಂದ 12 ಗಂಟೆ, ಸೂರ್ಯ ನೆತ್ತಿಗೇರಿ ಬಿಸಿಲು ಕಲ್ಲಿನ ಮೈ ಸವರಿಕೊಂಡು ಜಾರುವ ಹೊತ್ತು. ಸಲಹೆ ಕೊಡುವ ಮೊದಲು ಕಲ್ಲು ಯಾವ ಕಡೆ ಮುಖ ಮಾಡಿದೆ ಅಂತ ಕೇಳಬೇಕು.

ಆಟೋ ಮೋಡ್ ಏನು ಮಾಡುತ್ತೆ?

ಕಷ್ಟಪಟ್ಟು ಇಂಥ ನೆರಳು ಹಿಡಿದಿರಿ ಅನ್ನೋಣ. ಆಟೋ ಮೋಡ್ ಅದರ ಮೇಲೆ ಮೂರು ಕೆಲಸ ಮಾಡುತ್ತೆ.

ಮೊದಲನೇದು ಎಚ್‌ಡಿಆರ್. ಫೋನ್ ಒಂದರ ಹಿಂದೊಂದು ಹಲವು ಫ್ರೇಮ್ ತೆಗೆದು, ಬೆರೆಸಿ, ಕತ್ತಲೆ ಇರುವ ಕಡೆ ಬೆಳಕು ಎತ್ತುತ್ತೆ, ಬೆಳಕು ಹೆಚ್ಚಿರುವ ಕಡೆ ಇಳಿಸುತ್ತೆ. ಮದುವೆ ಮನೆ ಫೋಟೋಗೆ ಇದು ವರ. ಶಾಸನಕ್ಕೆ ಮಾತ್ರ ಶಾಪ, ಯಾಕಂದ್ರೆ ‘ಕತ್ತಲೆ ಇರುವ ಕಡೆ’ ಅಂದ್ರೆ ಅಕ್ಷರವೇ.

ಎರಡನೇದು ನಾಯ್ಸ್ ತೆಗೆಯೋದು. ನಮ್ಮ ಕಣಶಿಲೆಯಲ್ಲಿ ಅಭ್ರಕದ ಹೊಳಪು, ಕಪ್ಪು ಬಿಳುಪು ಚುಕ್ಕಿ ಎಲ್ಲ ಇರುತ್ತೆ. ಕಲ್ಲಿನ ಕಣ ಯಾವುದು, ಸೆನ್ಸರ್‌ನ ಗದ್ದಲ ಯಾವುದು, ಸವೆದ ಅನುಸ್ವಾರದ ಸೊನ್ನೆ ಯಾವುದು ಅಂತ ಫೋನಿಗೆ ಗೊತ್ತಿಲ್ಲ. ಮೂರನ್ನೂ ಒಟ್ಟಿಗೆ ಒರೆಸಿಬಿಡಬಹುದು.

ಮೂರನೇದು ಶಾರ್ಪನಿಂಗ್. ಒರೆಸಿದ ಮೇಲೆ ಉಳಿದ ಅಂಚುಗಳನ್ನು ಗಾಢ ಮಾಡೋದು. ಆಗ ಕಲ್ಲಿನ ಬಿರುಕಿಗೂ ಉಳಿಯ ಗೆರೆಗೂ ಒಂದೇ ಮರ್ಯಾದೆ ಸಿಗುತ್ತೆ. ನಾವು ‘ಸ್ಪಷ್ಟ’ ಅಂತ ಮೆಚ್ಚೋದು ಬಹುಪಾಲು ಈ ಮೂರನೇ ಹಂತವನ್ನೇ.

ಇದು ಬರೀ ಅನುಮಾನ ಅನ್ನುವವರು ಎರಡು ಪ್ರಸಂಗ ನೋಡಬೇಕು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವವರು, ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಾಯಿಸ್ತಿವೆ ಅಂತ ತೋರಿಸಿದರು. ಫೈಲ್ ಚಿಕ್ಕದು ಮಾಡೋಕೆ ಯಂತ್ರ ಒಂದೇ ಥರ ಕಾಣುವ ತುಣುಕುಗಳಿಗೆ ಒಂದೇ ಚಿತ್ರ ಬಳಸುತ್ತಿತ್ತು. ಹಾಗಾಗಿ 6 ಇದ್ದಲ್ಲಿ 8 ಬಂದಿತ್ತು, ಅದೂ ಅಚ್ಚುಕಟ್ಟಾದ 8. ಕಂಪನಿ ಆಮೇಲೆ ಸಾಫ್ಟ್‌ವೇರ್ ತಿದ್ದಿತು. 2023ರಲ್ಲಿ ಒಬ್ಬ ಬಳಕೆದಾರ ಚಂದ್ರನ ಚಿತ್ರವನ್ನು ಬೇಕಂತಲೇ ಮಸುಕು ಮಾಡಿ, ಕಂಪ್ಯೂಟರ್ ಪರದೆ ಮೇಲಿಟ್ಟು, ಸ್ಯಾಮ್‌ಸಂಗ್ ಫೋನಿನಲ್ಲಿ ಫೋಟೋ ತೆಗೆದ. ಪರದೆಯಲ್ಲಿ ಇಲ್ಲದ ವಿವರ ಫೋಟೋದಲ್ಲಿ ಬಂತು. ಸೀನ್ ಆಪ್ಟಿಮೈಸರ್ ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುತ್ತೆ, ಬೇಡವಾದರೆ ಆಫ್ ಮಾಡಬಹುದು ಅಂತ ಕಂಪನಿಯೇ ವಿವರಣೆ ಕೊಟ್ಟಿತು.

ನಮ್ಮಲ್ಲಿ ಶಕ ವರ್ಷದ ಅಂಕಿಗಳ ಪಾಡು ಏನು ಯೋಚಿಸಿ. ೨ಕ್ಕೂ ೩ಕ್ಕೂ ನಡುವಿನ ವ್ಯತ್ಯಾಸ ಒಂದು ಸಣ್ಣ ಮಡಿಕೆ. ಸಂವತ್ಸರದ ಹೆಸರು ಉಳಿದಿದ್ದರೆ ತಾಳೆ ನೋಡಬಹುದು. ಆ ಭಾಗ ತ್ರುಟಿತವಾಗಿದ್ದರೆ ಆ ಮಡಿಕೆಯೇ ಸಾಕ್ಷಿ, ಅದರ ಮೇಲೆ ಹತ್ತು ವರ್ಷವೋ ನೂರು ವರ್ಷವೋ ನಿಂತಿರುತ್ತೆ.

ಪಾಠ ಪ್ರಕಟಿಸುವಾಗ ಸಂದೇಹದ ಅಕ್ಷರವನ್ನು ಆವರಣದಲ್ಲಿ ಇಡ್ತೀವಿ, ಹೋದ ಅಕ್ಷರದ ಜಾಗಕ್ಕೆ ಚುಕ್ಕಿ ಹಾಕ್ತೀವಿ. ಇದು ಓದುಗನಿಗೆ ಸಂಪಾದಕ ತೋರಿಸುವ ಪ್ರಾಮಾಣಿಕತೆ. ಫೋನ್ ತನ್ನ ಊಹೆಗೆ ಆವರಣ ಹಾಕೋದಿಲ್ಲ.

ಹಾಗಾದ್ರೆ ಏನು ಮಾಡೋದು?

ಪ್ರೊ ಮೋಡ್ ಅನ್ನು ಚಂದದ ಫೋಟೋಗಾಗಿ ಕಲಿಯೋದು ಬೇರೆಯವರ ಗುರಿ. ನಮಗೆ ಅದು ಬೇಕಾಗಿರೋದು ಒಂದೇ ಕಾರಣಕ್ಕೆ: ಬೆಳಕೊಂದನ್ನು ಬಿಟ್ಟು ಬೇರೇನೂ ಬದಲಾಗಬಾರದು. ಒಂದೇ ಸಾಲನ್ನು ನಾಲ್ಕು ದಿಕ್ಕಿನ ಬೆಳಕಿನಲ್ಲಿ ತೆಗೆದಾಗ, ಆಟೋದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಎಕ್ಸ್‌ಪೋಷರ್, ಬೇರೆ ಬಣ್ಣ ಬರುತ್ತೆ. ಹೋಲಿಸಿ ನೋಡೋಕೆ ಆಗಲ್ಲ. ಎಲ್ಲವನ್ನೂ ಕಟ್ಟಿಹಾಕಿದರೆ ನಾಲ್ಕು ಫೋಟೋಗಳಲ್ಲೂ ನಿಲ್ಲುವ ಗೆರೆ ಕೊರೆತ. ಬೆಳಕಿನ ಜೊತೆ ಬಂದು ಹೋಗುವುದರ ಮೇಲೆ ಅನುಮಾನ ಇಟ್ಟುಕೊಳ್ಳಬೇಕು.

ಐಎಸ್‌ಒ 50 ಅಥವಾ 100ಕ್ಕೆ ಇಡಿ. ಫೋನ್ ಟ್ರೈಪಾಡ್ ಮೇಲಿದ್ದರೆ ಶಟರ್ ಎಷ್ಟು ನಿಧಾನ ಆದರೂ ಚಿಂತೆ ಇಲ್ಲ, 2 ಸೆಕೆಂಡ್ ಟೈಮರ್ ಹಾಕಿ. ಕೈಯಲ್ಲಿ ಹಿಡಿದಿದ್ದರೆ 1/125ಕ್ಕಿಂತ ಕೆಳಗೆ ಇಳಿಯಬೇಡಿ. ವೈಟ್ ಬ್ಯಾಲೆನ್ಸ್ ಒಂದು ಸಂಖ್ಯೆಗೆ ನಿಲ್ಲಿಸಿ, ಬಿಸಿಲಿಗೆ 5200 ಕೆಲ್ವಿನ್ ಸಾಕು. ಫೋಕಸ್ ಮ್ಯಾನ್ಯುಯಲ್ ಇರಲಿ. ಎಚ್‌ಡಿಆರ್, ಸೀನ್ ಗುರುತಿಸುವ ಎಐ, ತಾನೇ ತಾನಾಗಿ ಮ್ಯಾಕ್ರೋಗೆ ಹಾರುವ ಸೌಲಭ್ಯ ಎಲ್ಲ ಆಫ್. ಪ್ರೊ ಮೋಡ್ ಇಲ್ಲದ ಫೋನಿನಲ್ಲಿ ಪರದೆ ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿದರೂ ಅರ್ಧ ಕೆಲಸ ಆದಂತೆ.

ಕಲ್ಲಿನ ಬಣ್ಣಕ್ಕೂ ಗಮನ ಕೊಡಿ. ಹೊಯ್ಸಳ ಗುಡಿಗಳ ಬಳಪದ ಕಲ್ಲು ಕಪ್ಪಗಿದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ಎಳೆಯುತ್ತೆ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಬೇಕು. ಸುಣ್ಣ ಬಳಿದ ಗೋಡೆಗೆ ಏರಿಸಬೇಕು. ಬೆಳಕು ಮೇಲಿನ ಎಡಗಡೆಯಿಂದ ಬರುವ ಒಂದು ಫೋಟೋ ಇರಲೇಬೇಕು. ಕೆಳಗಿನಿಂದ ಬಂದರೆ ಕೊರೆದ ಅಕ್ಷರ ಉಬ್ಬಿದ ಹಾಗೆ ಕಾಣಿಸಿ ಕಣ್ಣು ಮೋಸ ಹೋಗುತ್ತೆ.

ದೂರದಿಂದ ಇಡೀ ಕಲ್ಲಿನ ಒಂದೇ ಫೋಟೋ ಸಾಲದು. 12 ಮೆಗಾಪಿಕ್ಸೆಲ್ ಅಂದ್ರೆ ಉದ್ದಕ್ಕೆ 4000 ಪಿಕ್ಸೆಲ್. ಒಂದೂವರೆ ಮೀಟರ್ ಕಲ್ಲಿಗೆ ಹಂಚಿದರೆ ಮಿಲಿಮೀಟರಿಗೆ ಮೂರೂ ಸಿಗೋದಿಲ್ಲ. 40 ಸೆಂಟಿಮೀಟರ್ ಭಾಗಗಳಾಗಿ ತೆಗೆದರೆ ಮಿಲಿಮೀಟರಿಗೆ 10 ಸಿಗುತ್ತೆ. ಒಂದಕ್ಕೊಂದು ಸ್ವಲ್ಪ ಮೇಲೆ ಹರಡುವಂತೆ ತೆಗೀರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ.

ಪ್ರೊ ಮೋಡ್‌ಗೂ ಮಿತಿ ಇದೆ

ಈ ವಿಷಯದಲ್ಲಿ ಇನ್ನೊಂದು ಅತಿಯೂ ಹಬ್ಬುತ್ತಿದೆ. ‘ರಾ ಫೈಲ್ ಇದ್ರೆ ಅದೇ ಸತ್ಯ’ ಅನ್ನೋದು. ಡಿಎನ್‌ಜಿ ಫೈಲಿನಲ್ಲಿ ಜೆಪೆಗ್‌ಗಿಂತ ಹೆಚ್ಚು ನೆರಳಿನ ಮಟ್ಟಗಳು ಉಳಿಯುತ್ತವೆ, ನಿಜ. ಆದರೆ ಆಪಲ್‌ನ ಪ್ರೊರಾ, ಸ್ಯಾಮ್‌ಸಂಗ್‌ನ ಎಕ್ಸ್‌ಪರ್ಟ್ ರಾ ಇವುಗಳಲ್ಲಿ ಹೆಸರಿಗೆ ರಾ ಇದ್ದರೂ ಒಳಗೆ ಹಲವು ಫ್ರೇಮ್ ಬೆರೆತಿರುತ್ತೆ. ಇನ್ನು ನೇರ ಬೆಳಕಿನಲ್ಲಿ ತೆಗೆದ ರಾ ಫೈಲಿಗಿಂತ ಓರೆ ಬೆಳಕಿನಲ್ಲಿ ತೆಗೆದ ಸಾಮಾನ್ಯ ಜೆಪೆಗ್ ಎಷ್ಟೋ ಮೇಲು. ಇಲ್ಲದ ನೆರಳನ್ನು ಯಾವ ಫೈಲೂ ತಂದುಕೊಡೋದಿಲ್ಲ. ಹತ್ತು ರೂಪಾಯಿ ಕನ್ನಡಿಯಿಂದ ಬಿಸಿಲು ತಿರುಗಿಸೋದು ಕೆಲವೊಮ್ಮೆ ಹೊಸ ಫೋನ್ ಕೊಳ್ಳೋದಕ್ಕಿಂತ ಲಾಭ. ಪಡಿಯಚ್ಚಿನ ಜಾಗವನ್ನೂ ಫೋಟೋ ತುಂಬೋದಿಲ್ಲ: ಒದ್ದೆ ಕಾಗದ ಕಲ್ಲನ್ನು ಮುಟ್ಟಿ ಓದುತ್ತೆ.

ಇಷ್ಟೆಲ್ಲ ಯಾಕೆ? ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟ ಬಂದಿದ್ದು 1905ರಲ್ಲಿ. ಅದರಲ್ಲಿ ಪಾಠ ಇರುವ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತ ಉಳಿದವನ್ನು ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ. ಆ ಯಂತ್ರ ಎಲ್ಲ ಹಳ್ಳಿಗೂ ತಲುಪೋದಿಲ್ಲ, ಫೋನ್ ತಲುಪುತ್ತೆ. ರಸ್ತೆ ಅಗಲ ಮಾಡುವಾಗ, ಗುಡಿಗೆ ಗ್ರಾನೈಟ್ ಹೊದಿಸುವಾಗ ಹೋಗುವ ಕಲ್ಲಿಗೆ ಉಳಿಯುವ ಒಂದೇ ದಾಖಲೆ ಯಾರದೋ ಫೋನಿನಲ್ಲಿರುವ ಫೋಟೋ ಆಗಿರಬಹುದು.

ಹಾಗಾಗಿ ಪಾಠ ಕೇಳಿ ಫೋಟೋ ಕಳಿಸುವಾಗ ಇಷ್ಟು ಮಾಡಿ: ಓರೆ ಬೆಳಕಿನಲ್ಲಿ ಕನಿಷ್ಠ ಎರಡು ದಿಕ್ಕಿನ ಫೋಟೋ, ಕಲ್ಲಿನ ಮುಖ ಯಾವ ದಿಕ್ಕಿಗೆ, ತೆಗೆದ ಹೊತ್ತು, ಯಾವ ಮೋಡ್ ಅನ್ನೋ ಒಂದು ಸಾಲು. ವಾಟ್ಸಾಪ್‌ನಲ್ಲಾದ್ರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಫೈಲನ್ನು ಇನ್ನೊಮ್ಮೆ ಹಿಂಡಿ, ಅದರೊಳಗಿನ ಸೆಟ್ಟಿಂಗ್ ಮಾಹಿತಿಯನ್ನೂ ಕಿತ್ತುಹಾಕುತ್ತೆ. ಫೋಟೋ ಸ್ವಲ್ಪ ಮಂಕಾಗಿದ್ದರೂ ಪರವಾಗಿಲ್ಲ, ಓದೋಕೆ ಆಗದ ಅಕ್ಷರಕ್ಕೆ ಚುಕ್ಕಿ ಹಾಕೋಣ.