ಟ್ವೆರ್ ಸೋಲಲೇಬೇಕಿತ್ತೇ?

ರಷ್ಯಾದ ಚರಿತ್ರೆ ಓದಿದವರಿಗೆ ಟ್ವೆರ್ ಪರಿಚಯವಾಗುವುದೇ ಸೋತ ಊರಾಗಿ. ಚದುರಿದ ಸಂಸ್ಥಾನಗಳನ್ನು ಮಾಸ್ಕೋ ಒಗ್ಗೂಡಿಸಿತು, ಮಂಗೋಲರ ನೊಗ ಕಳಚಿತು. ವೋಲ್ಗಾ ದಂಡೆಯ ಈ ಊರು ಹಟಕ್ಕೆ ಬಿದ್ದು ಅಡ್ಡ ನಿಂತಿತು, ಅಳಿಯಿತು. ಮಾಸ್ಕೋದ ಗೆಲುವನ್ನು ಅದರ ಭೂಗೋಳವೇ ನಿರ್ಧರಿಸಿತ್ತು ಎನ್ನುವವರೂ ಇದ್ದಾರೆ. ಫಲಿತಾಂಶ ಗೊತ್ತಾದ ಮೇಲೆ ಹೆಣೆದ ಈ ತರ್ಕವನ್ನು ನಾನು ಒಪ್ಪಲಾರೆ.

ಭೂಗೋಳವನ್ನೇ ನೋಡೋಣ. ತ್ವೆರ್ತ್ಸಾ ನದಿ ವೋಲ್ಗಾವನ್ನು ಸೇರುವಲ್ಲಿ ಟ್ವೆರ್ ಇದೆ. ತ್ವೆರ್ತ್ಸಾ ಗುಂಟ ಮೇಲೆ ಹೋದರೆ ನವ್ಗೊರೊದ್‌ನ ದಾರಿ. ವೋಲ್ಗಾದಲ್ಲಿ ಇಳಿದರೆ ಕ್ಯಾಸ್ಪಿಯನ್. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಮಂಗೋಲ್ ದಾಳಿಯ ನಂತರ ಈಶಾನ್ಯ ರುಸ್‌ನಲ್ಲಿ ಮೊದಲು ಎದ್ದ ಕಲ್ಲಿನ ಚರ್ಚ್ ಇಲ್ಲಿನ ಸ್ಪಾಸ್ ಕ್ಯಾಥೆಡ್ರಲ್. ಅದರ ಕೆಲಸ 1285ರಲ್ಲೇ ಶುರುವಾಯಿತು. ಮಾಸ್ಕೋ ತನ್ನ ಕಲ್ಲಿನ ಉಸ್ಪೆನ್ಸ್ಕಿ ಕ್ಯಾಥೆಡ್ರಲ್‌ಗೆ ಅಡಿಗಲ್ಲು ಇಟ್ಟದ್ದು 1326ರಲ್ಲಿ.

ಮರುವರ್ಷದ ಘಟನೆ ನನ್ನ ವಾದದ ತಿರುಳು. ಮಂಗೋಲರ ದೊರೆ ಉಜ್ಬೆಗ್ ಖಾನನ ಬಂಧು ಚೋಲ್ ಖಾನ್ ಟ್ವೆರ್‌ನಲ್ಲಿ ಬೀಡುಬಿಟ್ಟಿದ್ದ. ಆಗಸ್ಟ್ 15ರ ಬೆಳಗ್ಗೆ ದುದ್ಕೊ ಎಂಬ ಚರ್ಚ್ ಸೇವಕ ತನ್ನ ಹೆಣ್ಣುಕುದುರೆಗೆ ನೀರು ಕುಡಿಸಲು ವೋಲ್ಗಾಕ್ಕೆ ಹೊರಟಾಗ ಖಾನನ ಕಡೆಯ ತಾತಾರರು ಅದನ್ನು ಕಿತ್ತುಕೊಂಡರು. ಅವನ ಕೂಗಿಗೆ ಊರಿಗೆ ಊರೇ ಎದ್ದಿತು, ಚೋಲ್ ಖಾನ್ ಸತ್ತ. ಟ್ವೆರ್‌ನ ರಾಜ ಅಲೆಕ್ಸಾಂದರ್ ಜನರಿಗೆ ತಾಳ್ಮೆ ಹೇಳಿದ್ದ ಎನ್ನುತ್ತದೆ ವೃತ್ತಾಂತ, ದಂಗೆ ಜನರದೇ. ಸೇಡು ತೀರಿಸಲು ಖಾನನ ಸೈನ್ಯದ ಜೊತೆ ಬಂದು ಟ್ವೆರ್ ಹಾಳುಗೆಡವಿದವನು ಮಾಸ್ಕೋದ ಇವಾನ್ ಕಲಿತಾ. 1339ರಲ್ಲಿ ಅಲೆಕ್ಸಾಂದರ್‌ನನ್ನು ಖಾನ್ ಕೊಲ್ಲಿಸಿದ; ಸ್ಪಾಸ್ ಕ್ಯಾಥೆಡ್ರಲ್‌ನ ಗಂಟೆಯನ್ನು ಕಲಿತಾ ಮಾಸ್ಕೋಗೆ ಹೊತ್ತೊಯ್ದ. ನೊಗ ಕಳಚಿದವರ ವಂಶಕಥೆಯಲ್ಲಿ ಈ ಅಧ್ಯಾಯ ಯಾಕೆ ಇಷ್ಟು ಚಿಕ್ಕದು?

ಹಾಗೆಂದು ಟ್ವೆರ್ ಅರಸರನ್ನು ಸ್ವಾತಂತ್ರ್ಯವೀರರನ್ನಾಗಿಸುವ ಎದುರು-ಕಥನವೂ ನನಗೆ ಒಪ್ಪಿಗೆಯಿಲ್ಲ. ಅವರೂ ಪಟ್ಟದ ಸನ್ನದಿಗಾಗಿ ಅದೇ ಖಾನರ ಮುಂದೆ ಕೈಯೊಡ್ಡಿದವರು. 1368ರಲ್ಲಿ ಟ್ವೆರ್‌ನ ಅರಸ ಮಿಖಾಯಿಲ್ ಅಲೆಕ್ಸಾಂದ್ರೊವಿಚ್ ಪರವಾಗಿ ಲಿಥುವೇನಿಯದ ಸೈನ್ಯ ಮಾಸ್ಕೋ ಮೇಲೆ ಏರಿಹೋಯಿತು. ಎರಡೂ ಮನೆತನಗಳ ಗುರಿ ಒಂದೇ. ತಕ್ಕಡಿ ವಾಲಿದ್ದು ಖಾನನ ಒಲವಿನಿಂದ, ಚರ್ಚ್ ಮುಖ್ಯಸ್ಥ ಮೆಟ್ರೊಪಾಲಿಟನ್ ಪೀಟರ್ ಮಾಸ್ಕೋದಲ್ಲಿ ನೆಲೆಸಿದ್ದರಿಂದ.

ಈ ಚರಿತ್ರೆಯನ್ನು ನಾವೂ ಮಾಸ್ಕೋದ ಕಣ್ಣಿನಿಂದಲೇ ಓದಿದ್ದೇವೆ. ಬಹಮನಿಗಳ ಬೀದರ್ ಕಂಡು ಬರೆದ ಅಫನಾಸಿ ನಿಕಿತಿನ್ ನಮಗೆ ರಷ್ಯಾ–ಭಾರತ ಮೈತ್ರಿಯ ಮೊದಲ ದೂತ. ಅವನಾದರೋ ತನ್ನ ಕಥನದ ಆರಂಭದಲ್ಲೇ ತಾನು ಸ್ಪಾಸ್ ಕ್ಯಾಥೆಡ್ರಲ್‌ನಿಂದ, ತನ್ನ ದೊರೆ ಟ್ವೆರ್‌ನ ಮಿಖಾಯಿಲ್ ಬೊರಿಸೊವಿಚ್‌ನಿಂದ ಬೀಳ್ಕೊಂಡು ಹೊರಟೆನೆಂದು ಹೇಳುತ್ತಾನೆ. ಹಿಂತಿರುಗುವಾಗ ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡ. ಬರಹ 1475ರಲ್ಲಿ ಮಾಸ್ಕೋದ ಅಧಿಕಾರಿ ವಾಸಿಲಿ ಮಾಮಿರೆವ್ ಕೈಸೇರಿ ಅಲ್ಲಿನ ವೃತ್ತಾಂತಗಳಲ್ಲಿ ಉಳಿಯಿತು. ಅದನ್ನು ಸ್ವತಂತ್ರ ಟ್ವೆರ್‌ನ ಪ್ರಜೆಯೊಬ್ಬನ ಸಾಕ್ಷ್ಯವಾಗಿ ಮತ್ತೆ ಓದಬೇಕು: ಮೂರನೆಯ ಇವಾನ್ ಆ ಸಂಸ್ಥಾನವನ್ನು ವಶಪಡಿಸಿಕೊಂಡದ್ದು 1485ರಲ್ಲಿ, ನಿಕಿತಿನ್ ಸತ್ತ ಎಷ್ಟೋ ವರ್ಷಗಳ ಮೇಲೆ.