‘ಮೆಕ್‌ಟೀಗ್’ ಕಾದಂಬರಿಯಲ್ಲಿ ಪ್ರಮಾಣಪತ್ರದ ಪ್ರಶ್ನೆ

ಅಮೆರಿಕದ ಫ್ರಾಂಕ್ ನಾರಿಸನು 1899ರಲ್ಲಿ ಪ್ರಕಟಿಸಿದ ‘ಮೆಕ್‌ಟೀಗ್’ ಕಾದಂಬರಿಯನ್ನು ವಿಮರ್ಶಕರು ಸಾಮಾನ್ಯವಾಗಿ ಲೋಭದ ಕಥೆಯೆಂದೇ ಪರಿಗಣಿಸಿರುವರು. ಆದರೆ ಕಥೆಯ ಗತಿಯನ್ನು ತಿರುಗಿಸುವುದು ಒಂದು ಸರಕಾರೀ ಪತ್ರ. ಸ್ಯಾನ್‌ಫ್ರಾನ್ಸಿಸ್ಕೋದ ಪೋಲ್ಕ್ ಬೀದಿಯಲ್ಲಿ ಹಲವು ವರ್ಷ ಹಲ್ಲು ಕಿತ್ತು, ಹುಳುಕಿಗೆ ಚಿನ್ನ ತುಂಬಿ ಜೀವಿಸಿದ ನಾಯಕನು ಊರೂರು ಅಲೆಯುವ ದಂತವೈದ್ಯನೊಬ್ಬನಿಂದ ಕಸುಬನ್ನು ಕಲಿತವನೇ ಹೊರತು ಯಾವ ವಿದ್ಯಾಲಯದ ಪ್ರಮಾಣಪತ್ರವನ್ನೂ ಪಡೆದವನಲ್ಲ. ಅವನಲ್ಲಿಗೆ ಬರುವವರು ಕಟುಕರ ಅಂಗಡಿಯ ಹುಡುಗರು, ಮಳಿಗೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು, ಕೇಬಲ್‌ಗಾಡಿಯ ಕಂಡಕ್ಟರರು.

ನಾರಿಸನು ನಿಯಮದ ಪಕ್ಷವನ್ನು ಮರೆತಿಲ್ಲ. ಈಥರಿನಿಂದ ಪ್ರಜ್ಞೆತಪ್ಪಿದ ಟ್ರೀನಾಳನ್ನು ನಾಯಕನು ಚುಂಬಿಸುವ ಸನ್ನಿವೇಶವೊಂದೇ ರೋಗಿಗೆ ರಕ್ಷಣೆ ಬೇಕೆಂಬುದಕ್ಕೆ ಸಾಕು. ಆದರೆ ಪ್ರಮಾಣಪತ್ರವು ವಿದ್ಯೆಗೆ ಸಾಕ್ಷಿ, ಶೀಲಕ್ಕಲ್ಲ. ಮೇಲಾಗಿ, ದೂರು ಕೊಡುವವನು ರೋಗಿಯಲ್ಲ. ಟ್ರೀನಾಳ ಲಾಟರಿಯ 5,000 ಡಾಲರು ತನ್ನ ಕೈತಪ್ಪಿತೆಂದು ಕುದಿಯುತ್ತಿದ್ದ ಮಾರ್ಕಸ್. ಜನಹಿತಕ್ಕಾಗಿ ಹುಟ್ಟಿದ ಶಾಸನವು ಇಲ್ಲಿ ಹಗೆಯ ಆಯುಧವಾಗುತ್ತದೆ. ಈ ವ್ಯಂಗ್ಯವೇ ಕೃತಿಯ ಬಲ.

ಕೊರತೆಯೂ ಇಲ್ಲಿಯೇ ಇದೆ. ಕಸುಬು ನಿಂತ ಮೇಲೆ ದಂಪತಿಗಳ ಅಧಃಪತನವನ್ನು ಲೇಖಕನು ವಿಸ್ತಾರವಾಗಿ ವರ್ಣಿಸುತ್ತಾನೆ. ಆ ಬಡ ರೋಗಿಗಳು ಮುಂದೆ ಎಲ್ಲಿಗೆ ಹೋದರು, ಎಷ್ಟು ತೆತ್ತರು ಎಂಬುದನ್ನು ಅವನು ವಿಚಾರಿಸುವುದಿಲ್ಲ. ನಿಯಮದ ಬೆಲೆಯನ್ನು ಕಸುಬುದಾರನ ಪಾಲಿಗೆ ಮಾತ್ರ ಲೆಕ್ಕಹಾಕಿ ರೋಗಿಯ ಪಾಲನ್ನು ಬಿಟ್ಟಿರುವುದರಿಂದ ಕಾದಂಬರಿಯ ಸಾಮಾಜಿಕ ವಿಚಾರವು ಅರ್ಧದಲ್ಲಿಯೇ ನಿಂತಿದೆ.