ದೇವದಾಸನ ಪಾನವ್ಯಸನ: ಒಂದು ಐತಿಹಾಸಿಕ ವಿಮರ್ಶೆ

ಶರಚ್ಚಂದ್ರ ಚಟ್ಟೋಪಾಧ್ಯಾಯರು ಯೌವನದಲ್ಲಿ ರಚಿಸಿ 1917ರಲ್ಲಿ ಪ್ರಕಟಿಸಿದ ‘ದೇವದಾಸ’ ಎಂಬ ಬಂಗಾಳಿ ಕಾದಂಬರಿಯು ಸಾಮಾನ್ಯವಾಗಿ ವಿಫಲ ಪ್ರಣಯದ ಕರುಣಕಥೆಯೆಂದೋ ಮದ್ಯಪಾನದ ಅನರ್ಥವನ್ನು ಸಾರುವ ನೀತಿಕಥೆಯೆಂದೋ ಪರಿಗಣಿತವಾಗುತ್ತದೆ. ಈ ಎರಡು ದೃಷ್ಟಿಗಳೂ ಒಂದು ಮುಖ್ಯ ಪ್ರಶ್ನೆಯನ್ನು ಕಡೆಗಣಿಸುತ್ತವೆಂದು ನಮ್ಮ ಅಭಿಪ್ರಾಯ. ಹಾಗೆ ಕುಡಿಯುತ್ತಲೇ ಕಾಲ ಕಳೆಯಲು ದೇವದಾಸನಿಗೆ ಸಾಧ್ಯವಾದದ್ದು ಹೇಗೆ?

ಮೊದಲು ಘಟನೆಗಳ ಅನುಕ್ರಮವನ್ನು ಗಮನಿಸೋಣ. ನೆರೆಮನೆಯ ಪಾರ್ವತಿಯದು ಕನ್ಯಾಶುಲ್ಕ ಪಡೆಯುವ ಮನೆತನವೆಂಬ ಕಾರಣದಿಂದ ಜಮೀನ್ದಾರ ನಾರಾಯಣ ಮುಖರ್ಜಿಯ ಮನೆಯವರು ಸಂಬಂಧಕ್ಕೆ ಒಪ್ಪುವುದಿಲ್ಲ. ಪಾರ್ವತಿ ಲೋಕಾಪವಾದಕ್ಕೆ ಅಂಜದೆ ನಡುರಾತ್ರಿಯಲ್ಲಿ ದೇವದಾಸನ ಕೋಣೆಗೆ ಬರುತ್ತಾಳೆ. ಅವನಾದರೋ ಕಲಕತ್ತೆಗೆ ತೆರಳಿ, ನಿರಾಕರಣೆಯ ಪತ್ರ ಬರೆದು, ಪಶ್ಚಾತ್ತಾಪದಿಂದ ಹಿಂದಿರುಗುವಷ್ಟರಲ್ಲಿ ಕಾಲ ಮೀರಿರುತ್ತದೆ. ಇಷ್ಟರವರೆಗೆ ಅವನು ಮದ್ಯವನ್ನು ಮುಟ್ಟಿಲ್ಲ. ಆದಕಾರಣ ಪಾನವು ಅವನ ಅಪರಾಧದ ಕಾರಣವಲ್ಲ, ಅದರ ಫಲ.

ಈ ಫಲಕ್ಕೆ ನೀರೆರೆದದ್ದು ಜಮೀನ್ದಾರಿಯ ಆದಾಯ. ಕಾರ್ನ್‌ವಾಲಿಸನ ಕಾಲದಲ್ಲಿ, 1793ರಲ್ಲಿ, ಜಾರಿಗೆ ಬಂದ ಶಾಶ್ವತ ಭೂಕಂದಾಯ ವ್ಯವಸ್ಥೆಯು ಸರ್ಕಾರಕ್ಕೆ ಸಲ್ಲಬೇಕಾದ ಮೊತ್ತವನ್ನು ಸ್ಥಿರಪಡಿಸಿತು. ರೈತನ ಗೇಣಿಯಲ್ಲಿ ಮಿಕ್ಕದ್ದೆಲ್ಲ ಜಮೀನ್ದಾರನಿಗೆ ಉಳಿಯಿತು. ದುಡಿಯದೆ ಉಣ್ಣುವ ಒಂದು ವರ್ಗ ಹೀಗೆ ಬೇರೂರಿತು. ತಂದೆಯ ಮರಣಾನಂತರ ದೇವದಾಸನಿಗೆ ಬಂದ ಪಾಲು ಈ ಮೂಲದ್ದೇ. ಅವನ ಸ್ವನಾಶಕ್ಕೆ ಬೆಲೆ ತೆತ್ತವರು ಕಥೆಯ ಅಂಚಿನಲ್ಲಿಯೇ ಉಳಿದ ರೈತರು.

ಇಲ್ಲೊಂದು ಆಕ್ಷೇಪ ಬರಬಹುದು. ಪಾರ್ವತಿಯ ಪತಿ ಭುವನ ಚೌಧರಿಯೂ ಜಮೀನ್ದಾರನೇ, ಅವನು ಕುಡುಕನಲ್ಲ. ನಿಜ. ಜಮೀನ್ದಾರಿಯು ವ್ಯಸನವನ್ನು ಹುಟ್ಟಿಸಿತೆಂದು ನಾವು ಹೇಳುತ್ತಿಲ್ಲ. ಬಾಳಿನ ನಿರ್ಣಯಗಳನ್ನು ಮುಂದೂಡುತ್ತ ಹೋಗುವ ಸೌಕರ್ಯವನ್ನು ಅದು ಒದಗಿಸಿತೆಂಬುದಷ್ಟೇ ನಮ್ಮ ವಾದ. ಅಂಥ ಸೌಕರ್ಯ ಸ್ತ್ರೀಯರಿಗಿರಲಿಲ್ಲ. ಪಾರ್ವತಿ ಪರರ ಸಂಸಾರದ ಭಾರ ಹೊತ್ತಳು. ಚಂದ್ರಮುಖಿ ತನ್ನ ವೃತ್ತಿಯನ್ನು ತೊರೆದು ಹಳ್ಳಿಯಲ್ಲಿ ನೆಲೆಸಿದಳು. ಕಾದಂಬರಿಯಲ್ಲಿ ಬದಲಾದವರು ಇವರೇ.

ಚಲನಚಿತ್ರಗಳು ಈ ಅಂಶವನ್ನು ಕ್ರಮೇಣ ಮರೆಸಿದವು. 1935ರ ಬಂಗಾಳಿ ಚಿತ್ರದಲ್ಲಿ ಪ್ರಮಥೇಶ ಬರುವಾ ಅವರು ತಾವೇ ನಾಯಕರಾದರು. ಬಿಮಲ್ ರಾಯ್ ಅವರ 1955ರ ಹಿಂದಿ ಚಿತ್ರದಲ್ಲಿ ಇಬ್ಬರು ಸ್ತ್ರೀಯರು ದಾರಿಯಲ್ಲಿ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತಾರೆ; ಸಂಜಯ್ ಲೀಲಾ ಭನ್ಸಾಲಿ ಅವರ 2002ರ ಚಿತ್ರದಲ್ಲಿ ಅರಮನೆಯಂಥ ಭವನದಲ್ಲಿ ಜೊತೆಗೂಡಿ ನರ್ತಿಸುತ್ತಾರೆ. ಮೂಲದಲ್ಲಿ ಅವರು ಸಂಧಿಸುವುದೇ ಇಲ್ಲ. ಪಶ್ಚಿಮ ಬಂಗಾಳದಲ್ಲಿ 1953ರ ಶಾಸನವು ಜಮೀನ್ದಾರಿಯನ್ನು ಕೊನೆಗಾಣಿಸಿತು. ಅದರ ವೈಭವ ಮಾತ್ರ ತೆರೆಯ ಮೇಲೆ ಬೆಳೆಯುತ್ತಲೇ ಹೋಯಿತು.

ಶರಚ್ಚಂದ್ರರು ಕೊನೆಯಲ್ಲಿ ಓದುಗರಿಂದ ಬೇಡುವುದು ಅನುಕಂಪವನ್ನು. ಅದನ್ನು ನಾವು ನಿರಾಕರಿಸಬೇಕಿಲ್ಲ. ಆದರೆ ಲೇಖಕರೇ ತೋರಿಸಿರುವ ಇನ್ನೊಂದು ಸಂಗತಿಯೂ ಉಂಟು: ಹಾತೀಪೋತಾದ ಜಮೀನ್ದಾರನ ಬಾಗಿಲಲ್ಲಿ ಸತ್ತ ಅವನ ದೇಹವನ್ನು ಊರವರು ಮುಟ್ಟಲೊಲ್ಲರು, ಅಂತ್ಯಜರೆನಿಸಿಕೊಂಡವರೇ ಅದನ್ನು ಹೊರಬೇಕಾಯಿತು. ಪಾರ್ವತಿಯನ್ನು ಸೊಸೆಯಾಗಿ ಒಪ್ಪದ ಕುಲಾಭಿಮಾನವು ಕಡೆಗೆ ಆ ಕುಲದ ಮಗನಿಗೆ ಹೆಗಲು ಕೊಡಲಿಲ್ಲ. ತರಗತಿಯಲ್ಲಿ ಈ ಕೃತಿಯನ್ನು ಬೋಧಿಸುವವರು ಮದ್ಯದ ಪಾತ್ರೆಯ ಜೊತೆಗೆ ಇದನ್ನೂ ವಿದ್ಯಾರ್ಥಿಗಳ ಮುಂದಿಡುವುದು ಯುಕ್ತ.